ಉಚಿತ ಕಾಲೇಜಿಗೆ ಶುಲ್ಕ ಬಂದ ಬಗೆ

ಅಮೆರಿಕವೆಂದರೆ ದುಬಾರಿ ಶಿಕ್ಷಣದ ನಾಡು ಎಂಬುದು ನಮ್ಮಲ್ಲಿ ಬೇರೂರಿದ ನಂಬಿಕೆ. ಮಗನನ್ನು ಅಲ್ಲಿಗೆ ಓದಲು ಕಳುಹಿಸುವುದಕ್ಕಾಗಿ ಜಮೀನು ಅಡವಿಟ್ಟವರನ್ನು ನಾವು ಕಂಡಿದ್ದೇವೆ. ಆದರೆ ಅದೇ ದೇಶದ ಅತಿ ದೊಡ್ಡ ನಗರದಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಕಾಲ ಬಡವರ ಮಕ್ಕಳು ಬೋಧನಾ ಶುಲ್ಕ ಕಟ್ಟದೆಯೇ ಪದವಿ ಪಡೆದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆ ಸೌಲಭ್ಯ ಹೇಗೆ ಬಂತು ಎಂಬುದಕ್ಕಿಂತಲೂ ಯಾವಾಗ ಹೋಯಿತು ಎಂಬುದೇ ಹೆಚ್ಚು ಯೋಚಿಸಬೇಕಾದ ವಿಷಯ.

ಟೌನ್‌ಸೆಂಡ್ ಹ್ಯಾರಿಸ್ ನ್ಯೂಯಾರ್ಕಿನ ಒಬ್ಬ ವ್ಯಾಪಾರಿ. ಪಿಂಗಾಣಿ ಸಾಮಾನು ತರಿಸಿ ಮಾರುವ ಕುಟುಂಬ. ಸ್ವತಃ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಕಲಿತದ್ದೆಲ್ಲ ಸ್ವಂತ ಓದಿನಿಂದ. ನಗರದ ಶಿಕ್ಷಣ ಮಂಡಳಿಯ ಅಧ್ಯಕ್ಷನಾಗಿದ್ದಾಗ, ಶ್ರೀಮಂತರ ಮತ್ತು ಬಡವರ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವಂತಹ ಒಂದು ಉಚಿತ ಕಾಲೇಜು ಬೇಕೆಂದು ವಾದಿಸಿದ. ಕೆಲವರ ಓದಿಗೆ ಎಲ್ಲರ ತೆರಿಗೆ ಏಕೆ ಎಂಬ ಆಕ್ಷೇಪ ಆಗಲೂ ಇತ್ತು. ಕೊನೆಗೆ 1847ರಲ್ಲಿ ವಿಷಯವನ್ನು ಜನಮತಕ್ಕೆ ಬಿಡಲಾಯಿತು. 19 ಸಾವಿರಕ್ಕೂ ಹೆಚ್ಚು ಮತಗಳು ಪರವಾಗಿ ಬಿದ್ದರೆ, ವಿರುದ್ಧ ಬಿದ್ದದ್ದು 3,400ರಷ್ಟು ಮಾತ್ರ. 1849ರಲ್ಲಿ 'ಫ್ರೀ ಅಕಾಡೆಮಿ' ತೆರೆಯಿತು. ಅದೇ ಮುಂದೆ ಸಿಟಿ ಕಾಲೇಜು ಎಂದು ಹೆಸರಾಯಿತು. ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಅವರಿಗೆಂದು 1870ರಲ್ಲಿ ಬೇರೊಂದು ಸಂಸ್ಥೆ ಹುಟ್ಟಿತು. ಇಂದಿನ ಹಂಟರ್ ಕಾಲೇಜು ಅದೇ.

20ನೇ ಶತಮಾನದ ಆರಂಭದಲ್ಲಿ ಪೂರ್ವ ಯುರೋಪಿನಿಂದ ಓಡಿಬಂದ ಯಹೂದಿ ಕುಟುಂಬಗಳ ಮಕ್ಕಳಿಗೆ ಈ ಕಾಲೇಜು ವರವಾಯಿತು. ಪ್ರತಿಷ್ಠಿತ ಖಾಸಗಿ ವಿಶ್ವವಿದ್ಯಾನಿಲಯಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರುತ್ತಿದ್ದ ದಿನಗಳವು. ಬಟ್ಟೆ ಹೊಲಿಯುವ ಕಾರ್ಖಾನೆಗಳ ಕಾರ್ಮಿಕರ ಮಕ್ಕಳು ಇಲ್ಲಿ ಓದಿ ವಿಜ್ಞಾನಿಗಳೂ ನ್ಯಾಯವಾದಿಗಳೂ ಆದರು. ಪೋಲಿಯೊ ಲಸಿಕೆ ಕಂಡುಹಿಡಿದ ಜೋನಸ್ ಸಾಲ್ಕ್ 1934ರಲ್ಲಿ ಇಲ್ಲಿಂದಲೇ ಪದವಿ ಪಡೆದವರು. ಹಂಗೆರಿಯಿಂದ ನಿರಾಶ್ರಿತನಾಗಿ ಬಂದು, 1960ರಲ್ಲಿ ಇಲ್ಲಿ ಪದವಿ ಮುಗಿಸಿ, ಮುಂದೆ ಇಂಟೆಲ್ ಕಂಪೆನಿಯನ್ನು ಮುನ್ನಡೆಸಿದ ಆಂಡ್ರ್ಯೂ ಗ್ರೋವ್ ಇನ್ನೊಬ್ಬರು.

ಆದರೆ ಈ 'ಉಚಿತ'ಕ್ಕೂ ಒಂದು ಬೇಲಿ ಇತ್ತು. ಸೀಟುಗಳು ಕಡಿಮೆ, ಬಯಸುವವರು ಹೆಚ್ಚು. ಆದ್ದರಿಂದ ಪ್ರೌಢಶಾಲೆಯ ಅಂಕಗಳೇ ದ್ವಾರಪಾಲಕರಾದವು. ಪೂರ್ಣ ಪ್ರವೇಶ ಸಿಗದೆ ಸಂಜೆ ತರಗತಿಗೆ ಬರುವವರು ಶುಲ್ಕ ಕಟ್ಟಬೇಕಾಗಿತ್ತು. ಕಾಲೇಜು 1907ರಿಂದ ಇದ್ದದ್ದು ಹಾರ್ಲೆಮ್ಮಿನ ಗುಡ್ಡದ ಮೇಲೆ. ಗುಡ್ಡದ ಕೆಳಗೆ ಕಪ್ಪು ಜನರ ವಸತಿ. 1960ರ ದಶಕದಲ್ಲೂ ಗುಡ್ಡದ ಮೇಲಿನ ತರಗತಿಗಳಲ್ಲಿ ಕೂತವರು ಬಹುಪಾಲು ಬಿಳಿಯರೇ. ಕೆಳಗಿನವರು ತೆರಿಗೆ ಕೊಡುತ್ತಿದ್ದರು, ಅವರ ಮಕ್ಕಳು ಕಲಿತ ಶಾಲೆಗಳು ಮಾತ್ರ ಆ ಅಂಕಗಳನ್ನು ಕೊಡುವಂತಹವು ಆಗಿರಲಿಲ್ಲ.

1969ರ ಏಪ್ರಿಲ್‌ನಲ್ಲಿ ಕಪ್ಪು ಮತ್ತು ಪೋರ್ಟೊರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿನ ದಕ್ಷಿಣ ಆವರಣಕ್ಕೆ ಬೀಗ ಹಾಕಿ ಎರಡು ವಾರ ಕೂತರು. ಸುತ್ತಲಿನ ಶಾಲೆಗಳಲ್ಲಿ ಓದುವವರಿಗೆ ಅವರ ಪ್ರಮಾಣಕ್ಕೆ ತಕ್ಕಂತೆ ಪ್ರವೇಶ ಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದು. ಇದರ ಪರಿಣಾಮವಾಗಿ 1970ರಲ್ಲಿ ನಗರ ವಿಶ್ವವಿದ್ಯಾನಿಲಯವು, ಪ್ರೌಢಶಾಲೆ ಮುಗಿಸಿದ ಪ್ರತಿಯೊಬ್ಬರಿಗೂ ತನ್ನ ಯಾವುದಾದರೊಂದು ಕಾಲೇಜಿನಲ್ಲಿ ಜಾಗ ಕೊಡುವುದಾಗಿ ಘೋಷಿಸಿತು. ಹಿಂದಿನ ವರ್ಷ 20 ಸಾವಿರದಷ್ಟಿದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಒಮ್ಮೆಲೇ 35 ಸಾವಿರಕ್ಕೆ ಏರಿತು. ಕುಳಿತುಕೊಳ್ಳಲು ಕುರ್ಚಿಯಿಲ್ಲ, ಕಲಿಸಲು ಕೋಣೆಯಿಲ್ಲ. ಬಾಡಿಗೆ ಕಟ್ಟಡಗಳಲ್ಲೂ ತರಗತಿಗಳು ನಡೆದವು. ಗುಣಮಟ್ಟ ಕುಸಿಯಿತೆಂದು ದೂರಿದವರೂ ಕಡಿಮೆಯಿರಲಿಲ್ಲ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಸಾವಿರಾರು ಮಂದಿಯಲ್ಲಿ ಕಡಿಮೆ ಆದಾಯದ ಬಿಳಿಯ ಕುಟುಂಬಗಳವರೂ ಇದ್ದರು ಎಂಬುದನ್ನು ದೂರುವವರು ಹೇಳುತ್ತಿರಲಿಲ್ಲ.

1975ರಲ್ಲಿ ನ್ಯೂಯಾರ್ಕ್ ನಗರ ದಿವಾಳಿಯ ಅಂಚಿಗೆ ಬಂದು ನಿಂತಿತು. ಸಾಲಕ್ಕಾಗಿ ಕೇಂದ್ರದ ಕಡೆ ನೋಡಿದಾಗ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ನಗರದ ದುಂದುವೆಚ್ಚಗಳ ಪಟ್ಟಿ ಓದಿದರು. ಶುಲ್ಕವಿಲ್ಲದ ವಿಶ್ವವಿದ್ಯಾನಿಲಯವೂ ಆ ಪಟ್ಟಿಯಲ್ಲಿತ್ತು. 1976ರ ಬೇಸಿಗೆಯ ಮೊದಲಿಗೆ ಸಂಬಳ ಕೊಡಲು ಹಣವಿಲ್ಲದೆ ಇಡೀ ವಿಶ್ವವಿದ್ಯಾನಿಲಯ ಎರಡು ವಾರ ಬಾಗಿಲು ಮುಚ್ಚಿತು. ತೆರೆಯಲು ರಾಜ್ಯ ಸರಕಾರ ಹಣ ಕೊಟ್ಟಿತು, ಜೊತೆಗೆ ಶುಲ್ಕವೂ ಬಂತು. 129 ವರ್ಷಗಳ ಪದ್ಧತಿ ಅಲ್ಲಿಗೆ ಮುಗಿಯಿತು.

ಮಹಾ ಆರ್ಥಿಕ ಕುಸಿತದ 1930ರ ದಶಕದಲ್ಲೂ, ಎರಡು ಮಹಾಯುದ್ಧಗಳ ಕಾಲದಲ್ಲೂ ಉಳಿದಿದ್ದ ಉಚಿತ ಶಿಕ್ಷಣವು ಕಪ್ಪು ಜನರ ಮಕ್ಕಳಿಗೆ ಬಾಗಿಲು ತೆರೆದ ಆರೇ ವರ್ಷಗಳಲ್ಲಿ ಏಕೆ ನಿಂತಿತು? ಹಣವಿರಲಿಲ್ಲ ಎಂಬುದು ನಿಜ. ಆದರೆ ಹಣವಿಲ್ಲದಾಗ ಮೊದಲು ಯಾವುದನ್ನು ಕಡಿಯಬೇಕು ಎಂಬುದು ಲೆಕ್ಕಪತ್ರದವರು ತೀರ್ಮಾನಿಸುವ ವಿಷಯವಲ್ಲ.

ಬಡವರಿಗೇನೂ ತೊಂದರೆಯಾಗದು, ಅವರ ಶುಲ್ಕವನ್ನು ರಾಜ್ಯವೇ ತುಂಬುತ್ತದೆ ಎಂಬ ಸಮಾಧಾನ ಹೇಳಲಾಯಿತು. ಅದಕ್ಕೆಂದು 'ಟ್ಯಾಪ್' ಎಂಬ ರಾಜ್ಯ ಸಹಾಯಧನ ಯೋಜನೆ 1974ರಲ್ಲೇ ಬಂದಿತ್ತು. ತೀರಾ ಬಡವರ ಬೋಧನಾ ಶುಲ್ಕವನ್ನು ಅದು ಭರಿಸಿದ್ದೂ ಹೌದು. ಹಾಗಿದ್ದರೂ ಶುಲ್ಕ ಬಂದ ಬಳಿಕ ವಿದ್ಯಾರ್ಥಿಗಳ ಸಂಖ್ಯೆ ಹತ್ತಾರು ಸಾವಿರ ಇಳಿಯಿತು. ಹಿಂದೆ ಕಾಲೇಜಿಗೆ ಹೋಗಿ ಕೂತರೆ ಸಾಕಿತ್ತು. ಈಗ ಅರ್ಜಿ, ಆದಾಯದ ದಾಖಲೆ, ನಿವಾಸದ ದಾಖಲೆ, ಗಡುವು. ಆದಾಯ ಪ್ರಮಾಣಪತ್ರಕ್ಕಾಗಿ ತಾಲೂಕು ಕಚೇರಿಯಲ್ಲಿ ದಿನವಿಡೀ ಕಾದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ, ಟ್ಯಾಪ್ ಇದ್ದದ್ದು ಪೂರ್ಣಾವಧಿ ವಿದ್ಯಾರ್ಥಿಗಳಿಗೆ. ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಎರಡು ವಿಷಯ ಓದುವವಳಿಗೆ ಅದು ದಕ್ಕುತ್ತಿರಲಿಲ್ಲ. ಅಂಥವರಿಗೆಂದು ನಂತರ ಬಂದ ಯೋಜನೆಗಳು ಚಿಕ್ಕವು.

2017ರಲ್ಲಿ ರಾಜ್ಯಪಾಲ ಆಂಡ್ರ್ಯೂ ಕ್ಯುಮೊ (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯಂತೆ) 'ಎಕ್ಸೆಲ್ಸಿಯರ್' ವಿದ್ಯಾರ್ಥಿವೇತನವನ್ನು ಘೋಷಿಸಿದಾಗ ಉಚಿತ ಕಾಲೇಜು ಮರಳಿತೆಂದು ಪತ್ರಿಕೆಗಳು ಬರೆದವು. ವರ್ಷಕ್ಕೆ 1 ಲಕ್ಷ ಡಾಲರ್ ಒಳಗೆ ಆದಾಯವಿರುವ ಮನೆಯವರಿಗೆ ಸರಕಾರಿ ಕಾಲೇಜಿನಲ್ಲಿ ಬೋಧನಾ ಶುಲ್ಕವಿಲ್ಲ. ಮಿತಿ 2019ರಲ್ಲಿ 1.25 ಲಕ್ಷಕ್ಕೆ ಏರಿತು. ಕೇಳಲು ಸೊಗಸು. ಆದರೆ ಉಳಿದೆಲ್ಲ ಸಹಾಯಧನ ಕಳೆದ ಮೇಲೆ ಬಾಕಿ ಉಳಿಯುವ ಶುಲ್ಕಕ್ಕೆ ಮಾತ್ರ ಇದು ಅನ್ವಯ. ತೀರಾ ಬಡವರ ಶುಲ್ಕ ಮೊದಲೇ ತುಂಬಿರುವುದರಿಂದ ಅವರಿಗೆ ಇದರಿಂದ ಏನೂ ಸಿಗದು. ಪುಸ್ತಕ, ಊಟ, ಬಾಡಿಗೆ ಅವರವರದೇ. ವರ್ಷಕ್ಕೆ 30 ಕ್ರೆಡಿಟ್ ಮುಗಿಸಬೇಕು. ಓದು ಮುಗಿದ ಮೇಲೆ ಸಹಾಯ ಪಡೆದಷ್ಟು ವರ್ಷ ರಾಜ್ಯದಲ್ಲೇ ವಾಸಿಸಬೇಕು, ಇಲ್ಲವಾದರೆ ಕೊಟ್ಟದ್ದು ಸಾಲವಾಗುತ್ತದೆ. ಮೊದಲ ವರ್ಷ ಫಲಾನುಭವಿಗಳಾದವರು ಸುಮಾರು 20 ಸಾವಿರ ಮಂದಿ. ಪದವಿ ಓದುವ ಲಕ್ಷಾಂತರ ಮಂದಿಯಲ್ಲಿ ಅದು ನೂರಕ್ಕೆ ಮೂರರಷ್ಟು.

ಇದಕ್ಕೆ ಹೋಲಿಸಿದರೆ, ಹೆಚ್ಚು ಸದ್ದು ಮಾಡದ ಇನ್ನೊಂದು ಪ್ರಯೋಗ ಎಷ್ಟೋ ವಾಸಿ. ನಗರ ವಿಶ್ವವಿದ್ಯಾನಿಲಯದ ಎರಡು ವರ್ಷದ ಕಾಲೇಜುಗಳಲ್ಲಿ 2007ರಲ್ಲಿ 'ಎಸಾಪ್' ಎಂಬ ಕಾರ್ಯಕ್ರಮ ಶುರುವಾಯಿತು. ಬಾಕಿ ಶುಲ್ಕದ ಮನ್ನಾ ಮಾತ್ರವಲ್ಲ, ಪಠ್ಯಪುಸ್ತಕಕ್ಕೆ ನೆರವು, ಬಸ್ಸು ಮತ್ತು ಮೆಟ್ರೊ ಪ್ರಯಾಣದ ಕಾರ್ಡು, ಮೇಲಿಂದ ಮೇಲೆ ಕರೆದು ಮಾತನಾಡಿಸುವ ಒಬ್ಬ ಸಲಹೆಗಾರ. ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿದಾಗ, ಈ ನೆರವಿಲ್ಲದವರಲ್ಲಿ ಮೂರು ವರ್ಷದೊಳಗೆ ಓದು ಮುಗಿಸಿದವರು ಶೇ. 22, ನೆರವಿದ್ದವರಲ್ಲಿ ಶೇ. 40. ಬಸ್ ಪಾಸಿನ ಬೆಲೆ ಏನೆಂದು ನಮ್ಮ ಹಳ್ಳಿಗಳಿಂದ ಕಾಲೇಜಿಗೆ ಬರುವ ಹೆಣ್ಣುಮಕ್ಕಳನ್ನು ಕೇಳಿದರೂ ಗೊತ್ತಾದೀತು.

ಅತ್ತ ಟ್ಯಾಪ್ ಕೂಡ ನಿಧಾನವಾಗಿ ಹಿಗ್ಗಿತು. 2019ರ ಕಾನೂನಿನಿಂದ, ವಲಸೆಯ ದಾಖಲೆಗಳಿಲ್ಲದೆ ಅಲ್ಲಿಯೇ ಶಾಲೆ ಮುಗಿಸಿದ ಮಕ್ಕಳಿಗೂ ಅದು ತೆರೆಯಿತು. 2022ರಲ್ಲಿ, ಅರೆಕಾಲಿಕವಾಗಿ ಆರು ಕ್ರೆಡಿಟ್ ಓದುವವರಿಗೂ ವಿಸ್ತರಿಸಿತು. ಅಂದರೆ ಆ ಹೋಟೆಲ್ ಕೆಲಸದವಳ ಸರದಿ ಬರಲು ಸುಮಾರು ಅರ್ಧ ಶತಮಾನ ಬೇಕಾಯಿತು. 2024ರಲ್ಲಿ ಕುಟುಂಬದ ಆದಾಯ ಮಿತಿ 80 ಸಾವಿರದಿಂದ 1.25 ಲಕ್ಷ ಡಾಲರಿಗೆ, ಕನಿಷ್ಠ ಸಹಾಯಧನ 500ರಿಂದ 1,000 ಡಾಲರಿಗೆ ಏರಿತು. ಹೆತ್ತವರ ಆಸರೆಯಿಲ್ಲದೆ, ಮದುವೆಯೂ ಆಗದೆ ಒಬ್ಬಂಟಿಯಾಗಿ ದುಡಿದು ಓದುವವರಿಗೆ ಅಲ್ಲಿಯವರೆಗೂ ಇದ್ದ ಆದಾಯ ಮಿತಿ ವರ್ಷಕ್ಕೆ 10 ಸಾವಿರ ಡಾಲರ್. ನ್ಯೂಯಾರ್ಕಿನಲ್ಲಿ ಅಷ್ಟು ಹಣ ಒಂದು ಕೋಣೆಯ ಬಾಡಿಗೆಗೇ ಸಾಲದು. 2024ರಲ್ಲಿ ಅದು 30 ಸಾವಿರವಾಯಿತು.