ಪೊಲೀಸ್ ಸ್ಕಾಟ್ಲೆಂಡ್: ವಿಲೀನ, ಅನುದಾನ ಮತ್ತು ಪೊಲೀಸರ ಅಸಮಾಧಾನ

ಸ್ಕಾಟ್ಲೆಂಡಿನ ಎಂಟು ಪ್ರಾದೇಶಿಕ ಪೊಲೀಸ್ ಪಡೆಗಳನ್ನು ಒಂದುಗೂಡಿಸಿ 2013ರ ಏಪ್ರಿಲ್ 1ರಂದು ರಚಿಸಲಾದ ರಾಷ್ಟ್ರೀಯ ಪಡೆಯೇ ಪೊಲೀಸ್ ಸ್ಕಾಟ್ಲೆಂಡ್. 2012ರ ಪೊಲೀಸ್ ಮತ್ತು ಅಗ್ನಿಶಾಮಕ ಸುಧಾರಣಾ ಕಾಯ್ದೆ ಇದಕ್ಕೆ ಆಧಾರ. ವಿಲೀನಕ್ಕೆ ಕೊಟ್ಟ ಕಾರಣಗಳು ಹಲವು; ಆದರೆ ಎದ್ದು ಕಂಡದ್ದು ಹಣದ ಲೆಕ್ಕವೇ. 2026ರೊಳಗೆ 110 ಕೋಟಿ ಪೌಂಡ್ ಉಳಿಯುತ್ತದೆಂದು ಸ್ಕಾಟಿಷ್ ಸರ್ಕಾರ ಹೇಳಿತ್ತು.

ಅಸಮಾಧಾನಕ್ಕೆ ಮೂಲವಾದದ್ದು ಒಂದು ಸಂಖ್ಯೆ. ಪೊಲೀಸರ ಬಲ 17,234ಕ್ಕಿಂತ ಕೆಳಗಿಳಿಯಬಾರದೆಂದು ಸರ್ಕಾರ ಪಟ್ಟುಹಿಡಿದಿತ್ತು. ಆಯವ್ಯಯದ ಬಹುಪಾಲು ಸಂಬಳಕ್ಕೇ ಹೋಗುವ ಇಲಾಖೆಯಲ್ಲಿ ಈ ಸಂಖ್ಯೆಯನ್ನು ಮುಟ್ಟದೆ ಉಳಿತಾಯ ಮಾಡಬೇಕೆಂದರೆ ಕತ್ತರಿ ಬೀಳುವುದು ಸಮವಸ್ತ್ರವಿಲ್ಲದ ಸಿಬ್ಬಂದಿಯ ಮೇಲೆ. ಆದದ್ದೂ ಅದೇ. ಗುಮಾಸ್ತರು ಬಿಟ್ಟುಹೋದ ಕುರ್ಚಿಗಳಲ್ಲಿ ಪೊಲೀಸರು ಕೂತರು. ಕಾಗದದ ಮೇಲೆ ಬಲ ಕುಗ್ಗದಿದ್ದರೂ ಬೀದಿಯಲ್ಲಿ ಕುಗ್ಗಿದೆಯೆಂದು ಸಿಬ್ಬಂದಿ ಸಂಘಟನೆಗಳು ದೂರಿದವು.

ಮೌಲ್ಯವರ್ಧಿತ ತೆರಿಗೆಯ ಪ್ರಸಂಗ ಇನ್ನೂ ವಿಚಿತ್ರ. ಹಳೆಯ ಪಡೆಗಳು ಸ್ಥಳೀಯ ಆಡಳಿತದ ಭಾಗವಾಗಿದ್ದುದರಿಂದ ಕಟ್ಟಿದ ತೆರಿಗೆ ಮರಳಿ ಸಿಗುತ್ತಿತ್ತು. ರಾಷ್ಟ್ರೀಯ ಪಡೆಗೆ ಆ ಸೌಲಭ್ಯ ತಪ್ಪಿತು. ವರ್ಷಕ್ಕೆ ಸುಮಾರು 2.5 ಕೋಟಿ ಪೌಂಡ್ ಕೈತಪ್ಪಿತು. ಲಂಡನ್ನಿನ ಖಜಾನೆ ಇದನ್ನು ಮೊದಲೇ ಎಚ್ಚರಿಸಿತ್ತು. 2018ರಲ್ಲಿ ವಿನಾಯಿತಿ ದೊರೆಯಿತಾದರೂ ಹಳೆಯ ಬಾಕಿ ಹಿಂದಿರುಗಲಿಲ್ಲ. ಎಲ್ಲ ದಾಖಲೆಗಳನ್ನು ಒಂದೆಡೆ ತರಬೇಕಿದ್ದ ‘ಐ6’ ಗಣಕ ಯೋಜನೆಯೂ 2016ರಲ್ಲಿ ರದ್ದಾಯಿತು.

ಮೊದಲ ಮುಖ್ಯಸ್ಥ ಸ್ಟೀಫನ್ ಹೌಸ್ ಅದುವರೆಗೆ ಗ್ಲಾಸ್ಗೋ ಕೇಂದ್ರಿತ ಸ್ಟ್ರಾತ್‌ಕ್ಲೈಡ್ ಪಡೆಯನ್ನು ನಡೆಸಿದ್ದವರು. ಅಲ್ಲಿನ ಪದ್ಧತಿಯನ್ನೇ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್‌ಗೂ ಹೇರಿದರೆಂಬ ಆಕ್ಷೇಪ ಬಲವಾಗಿತ್ತು. ದಿನನಿತ್ಯದ ಗಸ್ತಿಗೆ ಪಿಸ್ತೂಲುಧಾರಿ ಪೊಲೀಸರು ಬಂದಾಗ ಹೈಲ್ಯಾಂಡ್ ಜನ ಬೆಚ್ಚಿದ್ದು ಸಹಜ.

ಸ್ಥಳೀಯ ನಿಯಂತ್ರಣ ಕೊಠಡಿಗಳನ್ನು ಮುಚ್ಚಿ ಕರೆಗಳನ್ನು ಕೆಲವೇ ಕೇಂದ್ರಗಳಿಗೆ ತಿರುಗಿಸುತ್ತಿದ್ದ ಹೊತ್ತಿನಲ್ಲಿ, 2015ರ ಜುಲೈನಲ್ಲಿ, ಎಂ9 ಹೆದ್ದಾರಿಯ ಅಪಘಾತದ ಬಗ್ಗೆ ಬಂದ ಕರೆಯೊಂದು ದಾಖಲಾಗಲೇ ಇಲ್ಲ. ಮೂರು ದಿನ ಕಾರು ಯಾರ ಕಣ್ಣಿಗೂ ಬೀಳದೆ ಬಿದ್ದಿತ್ತು. ಅದರಲ್ಲಿದ್ದ ಇಬ್ಬರೂ ಸತ್ತರು. 2021ರಲ್ಲಿ ಪಡೆ ತಪ್ಪೊಪ್ಪಿಕೊಂಡಿತು. ನ್ಯಾಯಾಲಯ ಒಂದು ಲಕ್ಷ ಪೌಂಡ್ ದಂಡ ವಿಧಿಸಿತು.

ಪೊಲೀಸರಿಗೆ ಮುಷ್ಕರದ ಹಕ್ಕಿಲ್ಲ. ಅವರ ಪರ ಮಾತಾಡುವುದು ಸ್ಕಾಟಿಷ್ ಪೊಲೀಸ್ ಫೆಡರೇಶನ್. 2022ರ ವೇತನ ವಿವಾದದಲ್ಲಿ ಅದು ಸದಸ್ಯರಿಗೆ ಸೂಚಿಸಿದ್ದು ಇಷ್ಟೆ: ಪಾಳಿಗೆ ಸರಿಯಾದ ಹೊತ್ತಿಗೆ ಬನ್ನಿ, ಮುಂಚೆ ಬೇಡ, ರೇಡಿಯೊವನ್ನು ಮನೆಯಲ್ಲಿ ಚಾರ್ಜ್ ಮಾಡಬೇಡಿ. ಮೊದಲು ವರ್ಷಕ್ಕೆ 564 ಪೌಂಡ್ ಹೆಚ್ಚಿಸುವುದಾಗಿ ಹೇಳಿದ್ದ ಆಡಳಿತ, ಕೊನೆಗೆ ಶೇ. 5ರ ಏರಿಕೆಗೆ ಒಪ್ಪಿತು.