ಹೋಂ ಸ್ಟೇ: ಭೂ ಬಳಕೆ, ಸ್ಥಳೀಯ ಸಂಸ್ಥೆಗಳ ಅನುಮತಿ ಮತ್ತು ನೋಂದಣಿ

ಪೀಠಿಕೆ

ವಾಸದ ಮನೆಯ ಕೆಲವು ಕೊಠಡಿಗಳನ್ನು ಪ್ರವಾಸಿಗರಿಗೆ ಅಲ್ಪಾವಧಿಗೆ ಬಾಡಿಗೆಗೆ ನೀಡುವ ವ್ಯವಸ್ಥೆಗೆ ಹೋಂ ಸ್ಟೇ ಎನ್ನಲಾಗುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಇದು ಅನೇಕ ಕೃಷಿಕ ಕುಟುಂಬಗಳಿಗೆ ಪೂರಕ ಆದಾಯದ ಮಾರ್ಗವಾಗಿದೆ. ಹೋಂ ಸ್ಟೇ ಆರಂಭಿಸಲು ಇಚ್ಛಿಸುವವರು ತಿಳಿದಿರಬೇಕಾದ ಮುಖ್ಯ ನಿಯಮಗಳನ್ನು ಇಲ್ಲಿ ನೀಡಲಾಗಿದೆ.

ಹೋಂ ಸ್ಟೇಗೂ ವಸತಿಗೃಹಕ್ಕೂ ಇರುವ ವ್ಯತ್ಯಾಸ

ಮನೆಯ ಮಾಲೀಕರು ತಮ್ಮ ಕುಟುಂಬದೊಡನೆ ಅದೇ ಮನೆಯಲ್ಲಿ ವಾಸವಾಗಿರಬೇಕೆಂಬುದು ಹೋಂ ಸ್ಟೇಯ ಮೂಲ ಷರತ್ತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಡಿ ಕನಿಷ್ಠ 1 ಹಾಗೂ ಗರಿಷ್ಠ 6 ಕೊಠಡಿಗಳಿಗೆ (12 ಹಾಸಿಗೆಗಳಿಗೆ ಮೀರದಂತೆ) ಮಾತ್ರ ಮಾನ್ಯತೆ ನೀಡಲಾಗುತ್ತದೆ. ಮಾಲೀಕರು ಬೇರೆಡೆ ನೆಲೆಸಿ, ಕಟ್ಟಡವನ್ನು ವ್ಯವಸ್ಥಾಪಕರ ಮೂಲಕ ನಡೆಸುವುದಾದರೆ ಅದು ಹೋಂ ಸ್ಟೇ ಎನಿಸದು. ಅಂತಹ ಕಟ್ಟಡವು ವಾಣಿಜ್ಯ ವಸತಿಗೃಹಕ್ಕೆ ಅನ್ವಯಿಸುವ ನಿಯಮಗಳನ್ನು ಪಾಲಿಸಬೇಕಾಗುತ್ತದೆ.

ಜಮೀನಿನ ಸ್ವರೂಪ

ಅರ್ಜಿ ಸಲ್ಲಿಸುವ ಮೊದಲು ಮನೆ ಇರುವ ಜಮೀನಿನ ಸ್ವರೂಪವನ್ನು ದಾಖಲೆಗಳಲ್ಲಿ ಪರಿಶೀಲಿಸುವುದು ಅತ್ಯಗತ್ಯ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ ಪ್ರಕರಣ 95ರನ್ವಯ, ಕೃಷಿ ಜಮೀನಿನಲ್ಲಿ ರೈತರು ತಮ್ಮ ಹಿಡುವಳಿಯ ಶೇ. 10ಕ್ಕೆ ಮೀರದಂತೆ, ನಿಗದಿತ ಗರಿಷ್ಠ ಮಿತಿಗೊಳಪಟ್ಟು, ತೋಟದ ಮನೆ ನಿರ್ಮಿಸಿಕೊಳ್ಳಬಹುದು. ಆದರೆ ಅದು ಸ್ವಂತ ಉಪಯೋಗಕ್ಕೆ ಮಾತ್ರ. ಅದನ್ನು ವಾಣಿಜ್ಯ ಚಟುವಟಿಕೆಗಾಗಿ ಬಾಡಿಗೆಗೆ ನೀಡುವಂತಿಲ್ಲ. ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಲು ಜಿಲ್ಲಾಧಿಕಾರಿಯವರಿಂದ ಭೂ ಪರಿವರ್ತನೆಯ ಆದೇಶ ಪಡೆಯಬೇಕು. ಅನುಮತಿಯಿಲ್ಲದ ಬಳಕೆಗೆ ಪ್ರಕರಣ 96ರಡಿ ಕ್ರಮ ಕೈಗೊಳ್ಳಲು ಅವಕಾಶವಿದೆ. ಪಹಣಿಯನ್ನು ನೋಡದೆ ಸಾಲ ಪಡೆದು ಕೊಠಡಿಗಳನ್ನು ಕಟ್ಟಿಸಿದಲ್ಲಿ ಕುಟುಂಬವು ನಷ್ಟಕ್ಕೆ ಗುರಿಯಾಗುವ ಸಂಭವವಿರುತ್ತದೆ.

ಯೋಜನಾ ಪ್ರಾಧಿಕಾರ ಮತ್ತು ಸ್ಥಳೀಯ ಸಂಸ್ಥೆ

ಮಹಾ ಯೋಜನೆ ಜಾರಿಯಲ್ಲಿರುವ ಪ್ರದೇಶಗಳಲ್ಲಿ, ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಪ್ರಕರಣ 14ರನ್ವಯ ಭೂ ಬಳಕೆಯ ಬದಲಾವಣೆಗೆ ಯೋಜನಾ ಪ್ರಾಧಿಕಾರದ ಲಿಖಿತ ಅನುಮತಿ ಅಗತ್ಯ. ಹೊಸ ಕೊಠಡಿ ಅಥವಾ ಮೇಲಂತಸ್ತು ನಿರ್ಮಿಸುವುದಾದರೆ ಗ್ರಾಮ ಪಂಚಾಯಿತಿ, ಪುರಸಭೆ ಅಥವಾ ನಗರಪಾಲಿಕೆಯಿಂದ ಕಟ್ಟಡ ಪರವಾನಗಿ ಪಡೆಯಬೇಕು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಸ್ವತ್ತುಗಳಿಗೆ ಇ-ಸ್ವತ್ತು ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳುವುದು. ಅಪಾರ್ಟ್‌ಮೆಂಟ್‌ಗಳಲ್ಲಿ ಇರುವವರು ಮಾಲೀಕರ ಸಂಘದ ಉಪವಿಧಿಗಳನ್ನೂ ಪರಿಶೀಲಿಸತಕ್ಕದ್ದು.

ಸೂಕ್ಷ್ಮ ಪ್ರದೇಶಗಳು

2018ರ ಆಗಸ್ಟ್ ತಿಂಗಳಿನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳಿಗೆ ಭಾರಿ ಮಳೆಯೊಂದಿಗೆ ಇಳಿಜಾರುಗಳ ಅವೈಜ್ಞಾನಿಕ ಮಾರ್ಪಾಡು ಕೂಡ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಗುರುತಿಸಿತ್ತು. ಬೆಟ್ಟದ ಅಂಚನ್ನು ಲಂಬವಾಗಿ ಕಡಿದು ಸಮತಟ್ಟು ಮಾಡಿದಾಗ ಮೇಲಿನ ಮಣ್ಣು ಆಧಾರ ಕಳೆದುಕೊಳ್ಳುತ್ತದೆ. ಮಳೆನೀರು ಇಂಗಿ ಭಾರ ಹೆಚ್ಚಿದಾಗ ಕುಸಿಯುತ್ತದೆ. ಇದರಿಂದ ಅಪಾಯಕ್ಕೊಳಗಾಗುವವರು ಅತಿಥಿಗಳು ಮಾತ್ರವಲ್ಲ, ಕೆಳಭಾಗದಲ್ಲಿ ವಾಸಿಸುವ ನೆರೆಹೊರೆಯವರೂ ಹೌದು. ಆದುದರಿಂದ ಈಗಾಗಲೇ ಇರುವ ಮನೆಯನ್ನೇ ಬಳಸಿಕೊಳ್ಳುವುದು ಸೂಕ್ತ. 2012ರಲ್ಲಿ ಅಧಿಸೂಚಿತವಾದ ಬಂಡೀಪುರ ಪರಿಸರ ಸೂಕ್ಷ್ಮ ವಲಯದಂತಹ ಪ್ರದೇಶಗಳಲ್ಲಿ ಹಾಗೂ ಕರಾವಳಿ ನಿಯಂತ್ರಣ ವಲಯದಲ್ಲಿ ಆಯಾ ಅಧಿಸೂಚನೆಗಳ ನಿರ್ಬಂಧಗಳು ಹೆಚ್ಚುವರಿಯಾಗಿ ಅನ್ವಯಿಸುತ್ತವೆ.

ನೋಂದಣಿಗೆ ಅಗತ್ಯವಾದ ಮುಖ್ಯ ದಾಖಲೆಗಳು

1. ಮನೆಯ ಮಾಲೀಕತ್ವದ ದಾಖಲೆ ಹಾಗೂ ಪ್ರಸಕ್ತ ಸಾಲಿನ ತೆರಿಗೆ ಪಾವತಿ ರಸೀದಿ.
2. ಸ್ಥಳೀಯ ಸಂಸ್ಥೆಯ ನಿರಾಕ್ಷೇಪಣಾ ಪತ್ರ.
3. ಪೊಲೀಸ್ ಇಲಾಖೆಯ ನಿರಾಕ್ಷೇಪಣಾ ಪತ್ರ.
4. ಮಾಲೀಕರ ಗುರುತಿನ ಮತ್ತು ವಾಸಸ್ಥಳದ ದಾಖಲೆ.

ಮಾಲೀಕರ ಇತರ ಹೊಣೆಗಳು

ಎಲ್ಲ ಅತಿಥಿಗಳ ಗುರುತಿನ ಚೀಟಿಯನ್ನು ಪರಿಶೀಲಿಸಿ ವಹಿಯಲ್ಲಿ ನಮೂದಿಸಬೇಕು. ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಗಳೊಳಗಾಗಿ ಆನ್‌ಲೈನ್ ಮೂಲಕ ನೋಂದಣಾಧಿಕಾರಿಗೆ ಸಲ್ಲಿಸತಕ್ಕದ್ದು. 2025ರ ಸೆಪ್ಟೆಂಬರ್ 1ರಿಂದ ಈ ವಿಷಯವು ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025ರ ವ್ಯಾಪ್ತಿಗೆ ಒಳಪಟ್ಟಿದೆ. ಆಹಾರ ಒದಗಿಸುವವರು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ, 2006ರ ಅಗತ್ಯಗಳನ್ನು ಪಾಲಿಸಬೇಕು. ಅಬಕಾರಿ ಪರವಾನಗಿಯಿಲ್ಲದೆ ಮದ್ಯ ಮಾರಾಟ ಮಾಡುವಂತಿಲ್ಲ.

ಸೇವೆಗಳ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರಿದಲ್ಲಿ ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಕಡ್ಡಾಯ. ಕೊಠಡಿಯ ದಿನದ ಬಾಡಿಗೆ ರೂ. 7,500 ಮೀರದಿದ್ದಲ್ಲಿ, 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರ ಶೇ. 5 ಆಗಿರುತ್ತದೆ. ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟುಳ್ಳವರು ಆನ್‌ಲೈನ್ ಬುಕಿಂಗ್ ಸಂಸ್ಥೆಗಳ ಮೂಲಕ ಕೊಠಡಿ ನೀಡಿದಾಗ ತೆರಿಗೆ ಪಾವತಿಸುವ ಹೊಣೆ ಆ ಸಂಸ್ಥೆಯದು.

ಸಾರ್ವಜನಿಕರ ಗಮನಕ್ಕೆ

ಆನ್‌ಲೈನ್ ಜಾಲತಾಣದಲ್ಲಿ ಮನೆಯ ಹೆಸರು ಪ್ರಕಟವಾದ ಮಾತ್ರಕ್ಕೆ ಅದು ಸರ್ಕಾರದ ಮಾನ್ಯತೆ ಪಡೆದಂತಾಗುವುದಿಲ್ಲ. ಪ್ರವಾಸಿಗರು ಕೊಠಡಿ ಕಾಯ್ದಿರಿಸುವ ಮುನ್ನ ನೋಂದಣಿ ಪ್ರಮಾಣಪತ್ರದ ಬಗ್ಗೆ ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಒಳಿತು. ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಕಛೇರಿಯನ್ನು, ಭೂ ಬಳಕೆಯ ವಿಷಯವಾಗಿ ತಾಲ್ಲೂಕು ತಹಶೀಲ್ದಾರರ ಕಛೇರಿಯನ್ನು ಸಂಪರ್ಕಿಸಬಹುದು.