ಬ್ರಯಾನ್ ಕ್ಲಫ್: ಜೋಡೆತ್ತಿನ ಗೆಲುವು

ಗೆದ್ದ ತಂಡದ ಕಥೆ ಹೇಳುವಾಗ ನಾವು ಒಬ್ಬರ ಹೆಸರನ್ನೇ ಹೇಳಿ ಮುಗಿಸುತ್ತೇವೆ. ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಕಥೆಯಲ್ಲಿ ಇನ್ನೊಂದು ಹೆಸರೂ ಇದೆ.

ಕ್ಲಫ್ ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ. ಮಿಡಲ್ಸ್‌ಬರೋ, ಸಂಡರ್‌ಲ್ಯಾಂಡ್ ಕ್ಲಬ್‌ಗಳ ಪರ 274 ಲೀಗ್ ಪಂದ್ಯಗಳಲ್ಲಿ 251 ಗೋಲು. 1962ರ ಡಿಸೆಂಬರ್ 26ರಂದು ಎದುರಾಳಿ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಮೊಣಕಾಲು ಕೆಟ್ಟಿತು. 29ನೇ ವಯಸ್ಸಿಗೇ ಆಟ ಮುಗಿಯಿತು.

1965ರಲ್ಲಿ ಹಾರ್ಟ್ಲ್‌ಪೂಲ್ ಎಂಬ ಬಡ ಕ್ಲಬ್ಬಿನ ಮ್ಯಾನೇಜರ್ ಆದರು. ಅಲ್ಲಿ ಮ್ಯಾನೇಜರ್ ಎಂದರೆ ತಂಡ ಕಟ್ಟಿ ಆಡಿಸುವವರು. ಮಿಡಲ್ಸ್‌ಬರೋದಲ್ಲಿ ಗೋಲ್‌ಕೀಪರ್ ಆಗಿದ್ದ ಗೆಳೆಯ ಪೀಟರ್ ಟೇಲರ್ ಅವರನ್ನೂ ಜೊತೆಗೆ ಕರೆದುಕೊಂಡರು. ಒಳ್ಳೆಯ ಆಟಗಾರರನ್ನು ಹುಡುಕುವುದು ಟೇಲರ್, ಅವರಿಂದ ಆಟ ತೆಗೆಯುವುದು ಕ್ಲಫ್.

ಎರಡನೇ ದರ್ಜೆಯಲ್ಲಿದ್ದ ಡರ್ಬಿ ಕೌಂಟಿಯನ್ನು ಈ ಜೋಡಿ 1972ಕ್ಕೆ ಇಂಗ್ಲೆಂಡಿನ ಚಾಂಪಿಯನ್ ಮಾಡಿತು. 1974ರಲ್ಲಿ ಕ್ಲಫ್ ಟೇಲರ್ ಇಲ್ಲದೆ ಲೀಡ್ಸ್‌ಗೆ ಹೋದರು. 44 ದಿನಕ್ಕೇ ಕೆಲಸ ಹೋಯಿತು. 1976ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ನಲ್ಲಿ ಇಬ್ಬರೂ ಮತ್ತೆ ಕೂಡಿದರು. 1977ರಲ್ಲಿ ತಂಡ ಮೇಲಿನ ದರ್ಜೆಗೆ ಏರಿತು. 1978ರಲ್ಲಿ ಲೀಗ್ ಗೆದ್ದಿತು. 1979, 1980ರಲ್ಲಿ ಸಾಲಾಗಿ ಯುರೋಪಿಯನ್ ಕಪ್!

1982ರಲ್ಲಿ ಟೇಲರ್ ಹೊರಟರು, ಡರ್ಬಿಯ ಮ್ಯಾನೇಜರ್ ಆದರು. ಮರುವರ್ಷ ಕ್ಲಫ್‌ಗೆ ಹೇಳದೆ ಫಾರೆಸ್ಟ್‌ನ ಜಾನ್ ರಾಬರ್ಟ್‌ಸನ್ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಅಲ್ಲಿಗೆ ಮಾತು ನಿಂತಿತು. 1990ರಲ್ಲಿ ಟೇಲರ್ ತೀರಿಕೊಳ್ಳುವವರೆಗೂ ರಾಜಿಯಾಗಲಿಲ್ಲ.

ಟೇಲರ್ ಹೋದ ಮೇಲೆ ಕ್ಲಫ್‌ಗೆ ಲೀಗ್ ಪ್ರಶಸ್ತಿ ಮತ್ತೆ ಸಿಗಲಿಲ್ಲ. 1993ರಲ್ಲಿ ಫಾರೆಸ್ಟ್ ಕೆಳದರ್ಜೆಗೆ ಇಳಿಯಿತು, ಅವರು ನಿವೃತ್ತರಾದರು. 2004ರಲ್ಲಿ ತೀರಿಕೊಂಡರು.

ಡರ್ಬಿಯ ಮೈದಾನದ ಹೊರಗೆ 2010ರಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದರು. ಅದರಲ್ಲಿ ಕ್ಲಫ್, ಟೇಲರ್ ಇಬ್ಬರೂ ಜೊತೆಗಿದ್ದಾರೆ.